ಡಾಂಗ್ ಬೆಟ್ಟದ ಒಂದು ಕಿಲೋ ಕಾಫಿ

ಕಾಶಿಬೆನ್ ಉಗ್ರಾಣದ ಎತ್ತರದ ಶೆಲ್ಫಿನಿಂದ, ಸಕ್ಕರೆ ಭರಣಿಯ ಪಕ್ಕದಲ್ಲಿದ್ದ ಸ್ಟೀಲ್ ಡಬ್ಬಿ ಇಳಿಸಿ ಮುಚ್ಚಳ ತೆಗೆದರು. ಒಳಗೆ ನೋಡಿದರು. ಮುಚ್ಚಿದರು. ಮತ್ತೆ ತೆಗೆದರು— ಮೊದಲ ಸಲ ಕಣ್ಣು ತಪ್ಪಿರಬಹುದು ಎಂಬ ಆಸೆಯಿಂದ.

ಕಾಫಿ ಬೀಜ ಇರಲಿಲ್ಲ. ತಳದಲ್ಲಿ ಒಂದು ಹಿಡಿ ಸಕ್ಕರೆ ಇತ್ತು.

ಡಬ್ಬಿಯನ್ನು ಬಸ್ಸಿಗೆ ಒಯ್ಯಲು ಬಂದಿದ್ದ ಸುಮತಿ ಮತ್ತು ರಶ್ಮಿ ಬಾಗಿಲಲ್ಲೇ ನಿಂತರು. ಹೊತ್ತು ಸಾಯಂಕಾಲ ನಾಲ್ಕು.

"ಮಧ್ಯಾಹ್ನ ತುಂಬಿತ್ತಲ್ಲವೇ?" ಸುಮತಿ ಗುಜರಾತಿಯಲ್ಲಿ ಕೇಳಿದರು.

"ನಿಮಗೆಲ್ಲ ನಾನೇ ತೋರಿಸಿದೆನಲ್ಲ, ಬೆನ್."

"ಆಮೇಲೆ ಕೋಣೆಗೆ ಬೀಗ?"

"ಈ ಊರಲ್ಲಿ ಬೀಗ ಯಾಕೆ?"

ಈಗ ಯಾಕೆಂದು ಗೊತ್ತಾಯಿತು. ಕಾಶಿಬೆನ್ ಅಳಲಿಲ್ಲ, ಕೂಗಲಿಲ್ಲ, ಡಬ್ಬಿಯನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕುಳಿತರು. ರಶ್ಮಿ ಅವರ ಪಕ್ಕದಲ್ಲೇ ಕುಳಿತಳು.

ಹೋದದ್ದು ಬರೀ ಒಂದು ಕಿಲೋ ಬೀಜವಲ್ಲ. ಗುಜರಾತಿನ ಮೂರು ಊರುಗಳ ಕನ್ನಡದವರು ಸೇರಿ ಒಂದು ದಿನದ ಪ್ರವಾಸ ಹೊರಟಿದ್ದರು. ಹಿಂದಿನ ರಾತ್ರಿಯೇ ಎಲ್ಲರೂ ಸೂರತ್ತಿನಲ್ಲಿ ಸೇರಿ, ಬೆಳಿಗ್ಗೆ ಐದಕ್ಕೆ ಅಲ್ಲಿನ ಕತಾರ್‌ಗಾಮಿನಿಂದ ಬಸ್ಸು, ಇಪ್ಪತ್ತೆರಡು ಜನ. ಒಂಬತ್ತಕ್ಕೆ ಗಿರಾ ಜಲಪಾತ. ಮಳೆಗಾಲ ಮುಗಿದು ವಾರವಷ್ಟೇ ಆಗಿದ್ದರಿಂದ ನದಿ ಅಗಲಕ್ಕೆ ಅಗಲವೇ ಬಂಡೆಯಿಂದ ಧುಮುಕುತ್ತಿತ್ತು, ಪಕ್ಕದವರ ಮಾತು ಕೇಳಿಸುತ್ತಿರಲಿಲ್ಲ. ಜಲಪಾತ ನೋಡಿ ಬಾಯಿ ಮುಚ್ಚಿದವರು ಹನ್ನೊಂದಕ್ಕೆ ಕಾಶಿಬೆನ್ ತೋಟ ನೋಡಿ ಬಾಯಿ ತೆರೆದರು. ಡಾಂಗ್ ಬೆಟ್ಟದ ಇಳಿಜಾರಿನಲ್ಲಿ, ಸಾಗುವಾನಿ ಮರಗಳ ನೆರಳಲ್ಲಿ, ಕಾಫಿ. ಟೀ ಬಿಟ್ಟು ಬೇರೆ ಕುಡಿಯದ ಸೀಮೆಯಲ್ಲಿ.

ಆರು ವರ್ಷದ ಹಿಂದೆ ಕಾಶಿಬೆನ್ ಒಬ್ಬರೇ ಶುರು ಮಾಡಿದ್ದು. ಬೇಸಿಗೆಯಲ್ಲಿ ನೀರನ್ನು ತಲೆಯ ಮೇಲೆ ಹೊತ್ತು ಗಿಡ ಉಳಿಸಿದರು. ಅದನ್ನು ನೋಡಿ ಹನ್ನೊಂದು ಮನೆಯವರು ಸೇರಿಕೊಂಡರು. ಈಗ ಆ ಹನ್ನೊಂದು ಮನೆಯವರಿಗೆ ತಾಳ್ಮೆ ಮುಗಿದಿತ್ತು— ಬೀಜ ಕೊಳ್ಳುವವರೇ ಇಲ್ಲ. ನಾಳೆ ಬೆಳಿಗ್ಗೆ ವಡೋದರಾದಲ್ಲಿ ರುಚಿ ಪರೀಕ್ಷೆ ಇತ್ತು. ಕಾಶಿಬೆನ್ ನಾಲ್ಕು ದಿನ ಕೂತು ಒಂದೊಂದೇ ಕಾಳು ಆರಿಸಿದ ಒಂದು ಕಿಲೋ ಬೀಜ ಅಲ್ಲಿಗೆ ಹೋಗಬೇಕು. ಪಾಸಾದರೆ ದೊಡ್ಡ ಕಂಪನಿಯೊಂದು ಇಡೀ ಬೆಳೆ ತೆಗೆದುಕೊಳ್ಳುತ್ತದೆ. ಇಲ್ಲದಿದ್ದರೆ ಸೋಮವಾರ ಗಿಡ ಕಿತ್ತುಹಾಕುವುದೆಂದು ಊರಿನ ತೀರ್ಮಾನ. ಬಸ್ಸು ವಡೋದರಾಕ್ಕೆ ಹೋಗುತ್ತದಲ್ಲ, ನಾವೇ ಒಯ್ಯುತ್ತೇವೆ ಎಂದು ಸುಮತಿ ಊಟದ ಹೊತ್ತಿಗೆ ಮಾತು ಕೊಟ್ಟಿದ್ದರು.

ಸುಮತಿಯವರಿಗೆ ಅರವತ್ತಮೂರು. ಅಹಮದಾಬಾದಿನ ವಸ್ತ್ರಾಪುರದಲ್ಲಿ ವಾಸ, ಹುಟ್ಟಿದ್ದು ಮೈಸೂರು. ವಿಮಾ ಕಂಪನಿಯಲ್ಲಿ ಮೂವತ್ತು ವರ್ಷ ಅವರು ಮಾಡಿದ ಕೆಲಸ ಒಂದೇ: ಸುಟ್ಟಿತು, ಮುಳುಗಿತು, ಕಳುವಾಯಿತು ಎಂದು ಅರ್ಜಿ ಹಾಕಿದವರ ಮನೆಗೆ ಹೋಗಿ, ಕೊಟ್ಟ ಟೀ ಕುಡಿದು, ನಿಜ ತಿಳಿದುಕೊಂಡು ಬರುವುದು. ರಶ್ಮಿ ವಡೋದರಾದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಆಡಲು ಹೋದರೆ ನಡುನಡುವೆ ಗುಜರಾತಿ ಜಾರುತ್ತದೆ. ಬೆಳಗಿನಿಂದ ಸುಮತಿ ಆಂಟಿಯ ಪಕ್ಕ ಕೂತು ಅವರ ಹಳೆಯ ಕೇಸುಗಳ ಕಥೆ ಕೇಳಿ ಮರುಳಾಗಿದ್ದಳು.

ಸುದ್ದಿ ಹೊರಗೆ ಹೋಗುತ್ತಲೇ ಪ್ರವಾಸ ಹೊರಡಿಸಿದ ಕನ್ನಡ ಸಂಘದ ಕಾರ್ಯದರ್ಶಿ ಗುರುಕಿರಣ ಓಡಿಬಂದರು. ಬ್ಯಾಂಕಿನ ಅಧಿಕಾರಿ, ಯಾವುದಕ್ಕೂ ಕಾಯುವ ಜಾಯಮಾನದವರಲ್ಲ. ಎರಡರಿಂದ ನಾಲ್ಕರವರೆಗೆ ಎಲ್ಲರೂ ತೋಟದ ಹಿಂದಿನ ಸಣ್ಣ ಜಲಪಾತಕ್ಕೆ ಹೋಗಿದ್ದೆವು, ಕಾಶಿಬೆನ್ನೇ ದಾರಿ ತೋರಿಸಿದ್ದು. ಇಲ್ಲಿ ಉಳಿದವರು ಮೂವರೇ. ಹಾಗೆಂದು ಅವರು ಬೆರಳು ಮಡಿಸಿದರು.

ಒಬ್ಬರು ನಳಿನಿ, ಧಾರವಾಡದ ಕಡೆಯವರು, ಬೆಳಿಗ್ಗೆ ಬಂಡೆಯ ಮೇಲೆ ಕಾಲು ಉಳುಕಿಸಿಕೊಂಡು ಜಗಲಿಯಲ್ಲಿ ಕೂತಿದ್ದರು. ಇನ್ನೊಬ್ಬರು ವಾಸುದೇವ, ವಡೋದರಾದ ಉಡುಪಿ ಹೋಟೆಲಿನ ಮಾಲೀಕರು, ಎಲ್ಲರಿಗೂ ಸಂಜೆಯ ಕಾಫಿ ಮಾಡಲು ಅಡುಗೆಮನೆಯಲ್ಲಿ ಉಳಿದಿದ್ದರು. ಮೂರನೆಯವರು ಸೋನುಭಾಯಿ, ಕಾಶಿಬೆನ್‌ರ ಮೈದುನ.

"ಇನ್ನೇನು ಹುಡುಕೋದು?" ಗುರುಕಿರಣ ದನಿ ತಗ್ಗಿಸಿದರು. "ಕಾಫಿ ಕಿತ್ತುಹಾಕಿ ಅಂತ ಮೊದಲು ಹೇಳಿದವನೇ ಈ ಸೋನುಭಾಯಿಯಂತೆ. ಬೀಜ ಎಸೆದು, ಅಣಕಿಸೋಕೆ ಸಕ್ಕರೆ ಇಟ್ಟಿದ್ದಾನೆ."

ಕನ್ನಡ ಬಾರದಿದ್ದರೂ ತನ್ನ ಹೆಸರು ಯಾರಿಗೆ ತಿಳಿಯುವುದಿಲ್ಲ? ಸೋನುಭಾಯಿಯ ಮುಖ ಕಪ್ಪಿಟ್ಟಿತು. ಕಾಶಿಬೆನ್ ಮೈದುನನತ್ತ ನೋಡಿದರು, ಆತ ನೆಲ ನೋಡಿದ.

ಸುಮತಿ ಯಾರನ್ನೂ ಗದರಿಸಲಿಲ್ಲ. ಮೊದಲು ಸೋನುಭಾಯಿಯ ಪಕ್ಕದಲ್ಲೇ ಹೋಗಿ ಕುಳಿತರು.

"ನಿಮಗೆ ಕಾಫಿ ಬೇಡವೇ?"

"ಬೇಡ. ಅತ್ತಿಗೆಗೆ ಹೇಳಿದ್ದೇನೆ, ಊರಿಗೆಲ್ಲ ಹೇಳಿದ್ದೇನೆ. ಆದರೆ ಸೋಮವಾರ ಕೀಳುವುದಿದ್ದರೆ ಅವಳ ಎದುರೇ ಕೀಳುತ್ತೇನೆ. ಕದ್ದಲ್ಲ."

"ಎರಡರಿಂದ ನಾಲ್ಕು— ಎಲ್ಲಿದ್ದಿರಿ?"

"ಕೊಟ್ಟಿಗೆಯಲ್ಲಿ. ನೋಡಿದವರಿಲ್ಲ."

ನಳಿನಿಯವರು ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟರು. "ನಾ ಕುಂತಲ್ಲೇ ಕುಂತೀನ್ರೀ. ಒಂದೀಟು ಕಣ್ಣು ಹತ್ತಿತ್ತು, ಅಷ್ಟ. ಈ ಕಾಲಾಗ ಎದ್ದು ನಿಂದ್ರಾಕ ಆಗೂದಿಲ್ಲ, ಕಳವು ಎಲ್ಲಿಂದ ಮಾಡ್ಲಿ?" ಪಾದ ನಿಜಕ್ಕೂ ಬದನೆಕಾಯಿಯಂತೆ ಊದಿತ್ತು.

ವಾಸುದೇವ ಒಲೆಯ ಮುಂದೆ ಹಾಲು ಕಾಯಿಸುತ್ತಿದ್ದರು. ಈ ಮನುಷ್ಯನನ್ನು ರಶ್ಮಿ ತೊಟ್ಟಿಲಿನಿಂದ ಬಲ್ಲಳು. ಮನೆಯಲ್ಲಿ ಅಮ್ಮನಿಗೆ ಜ್ವರ ಬಂದರೆ, ನೆಂಟರು ಬಂದರೆ, ಅವರ ಹೋಟೆಲಿನ ಸಾಂಬಾರು. ಕಾಫಿ ವಿಷಯಕ್ಕೆ ಬಂದರೆ ಅವರನ್ನು ಮೀರಿಸಿದವರಿಲ್ಲ. ಪ್ರವಾಸಕ್ಕೂ ತಮ್ಮದೇ ಪುಡಿ, ತಮ್ಮದೇ ಹಿತ್ತಾಳೆ ಫಿಲ್ಟರು. ಆದರೆ ಮಧ್ಯಾಹ್ನ ಕಾಶಿಬೆನ್ ಹುರಿದು ಕುಟ್ಟಿ ಮಾಡಿಕೊಟ್ಟ ಕಾಫಿಯ ಮೊದಲ ಗುಟುಕಿಗೇ ಅವರು ಲೋಟ ಕೆಳಗಿಟ್ಟು, ಕೈಮುಗಿದುಬಿಟ್ಟಿದ್ದರು. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದ್ದರು.

"ನಿಮಗೆ ಯಾರಾದರೂ ಕಂಡರಾ?" ಸುಮತಿ ಕೇಳಿದರು.

"ಇಲ್ಲ ಮಾರಾಯ್ರೆ. ನಾನುಂಟು, ಒಲೆ ಉಂಟು. ಅಡುಗೆಮನೆ ಬಿಟ್ಟು ಹೊರಗೆ ಬರ್ಲಿಲ್ಲ."

"ಉಗ್ರಾಣ ಇದಕ್ಕೆ ಅಂಟಿಕೊಂಡೇ ಇದೆ. ಸದ್ದು?"

"ಎಂತ ಸದ್ದೂ ಇಲ್ಲ. ಪಾಪ ಆ ಹೆಂಗಸು— ಅಂಥ ಬೀಜ ನಾನು ಮೂವತ್ತು ವರ್ಷದಲ್ಲಿ ಕಂಡಿಲ್ಲ."

ಅವರ ಕಣ್ಣು ತೇವವಾದದ್ದು ಸುಳ್ಳಲ್ಲ ಎಂದು ರಶ್ಮಿಗೆ ಖಾತ್ರಿಯಾಗಿತ್ತು. ಅದು ಖಂಡಿತ ಸುಳ್ಳಾಗಿರಲಿಲ್ಲ.

ಸೋನುಭಾಯಿಯ ಕೊಟ್ಟಿಗೆ ಜಾಲಾಡಿದ್ದಾಯಿತು— ಏನೂ ಸಿಗಲಿಲ್ಲ. ಹಾಗಾದರೆ ನಮ್ಮ ಸಾಮಾನೂ ನೋಡಿಬಿಡಿ ಎಂದರು ಸುಮತಿ. ಗುರುಕಿರಣ ಮುಖ ಸಿಂಡರಿಸಿದರೂ ಬಸ್ಸಿನ ಚೀಲಗಳೆಲ್ಲ ಬಿಚ್ಚಿಕೊಂಡವು. ಅಡುಗೆಯ ಸಾಮಾನು ನೋಡುವ ಸರದಿ ರಶ್ಮಿಯದು. ಪುಳಿಯೋಗರೆಯ ಡಬ್ಬಿ ಖಾಲಿ. ಮೊಸರಿನ ಪಾತ್ರೆ ಖಾಲಿ. ಕಾಫಿಪುಡಿಯ ದೊಡ್ಡ ಡಬ್ಬಿ ತೆಗೆದಾಗ ಪುಡಿ ಅಂಚು ಮೀರಿ ಅವಳ ಹಳದಿ ಕುರ್ತಾದ ಮೇಲೆ ಚೆಲ್ಲಿತು. ಬೈದುಕೊಂಡು ಮುಚ್ಚಳ ಒತ್ತಿ, ಬೀಜ ಎಲ್ಲೂ ಇಲ್ಲ ಎಂದು ವರದಿ ಒಪ್ಪಿಸಿದಳು.

ಸುಮತಿ ಅವಳ ಕುರ್ತಾವನ್ನೇ ನೋಡಿದರು. ಆಮೇಲೆ ಎಲ್ಲರನ್ನೂ ಜಗಲಿಗೆ ಕರೆದರು. ಕಾಶಿಬೆನ್‌ಗೂ ಸೋನುಭಾಯಿಗೂ ತಿಳಿಯಲೆಂದು ಪ್ರತಿ ಮಾತನ್ನೂ ಎರಡು ಭಾಷೆಯಲ್ಲಿ ಹೇಳಿದರು.

"ಕಳ್ಳ ಸಕ್ಕರೆ ಯಾಕಿಟ್ಟ? ಗುರುಕಿರಣ ಅಣಕ ಅಂದರು. ಅಣಕಿಸುವವನು ಮಣ್ಣು ಹಾಕ್ತಾನೆ, ಕಲ್ಲು ಹಾಕ್ತಾನೆ. ಪಕ್ಕದ ಭರಣಿಯಿಂದ ಒಳ್ಳೇ ಸಕ್ಕರೆ ತೆಗೆದು ಹಾಕಲ್ಲ." ಅವರು ರಶ್ಮಿಯ ಕಡೆ ತಿರುಗಿದರು. "ಪಕ್ಕದ ಮನೆಯವರು ಒಂದು ಪಾತ್ರೇಲಿ ಪಾಯಸ ಕೊಟ್ಟರೆ ನಿಮ್ಮಮ್ಮ ಪಾತ್ರೆ ಹೇಗೆ ವಾಪಸ್ ಕೊಡ್ತಾರೆ?"

"ತೊಳೆದು."

"ತೊಳೆದು, ಖಾಲಿ?"

ರಶ್ಮಿ ಯೋಚಿಸಿದಳು. ಖಾಲಿ ಕೊಟ್ಟದ್ದು ಅವಳು ಕಂಡಿರಲಿಲ್ಲ. ಒಂದು ಬಾಳೆಹಣ್ಣೋ, ಒಂದು ತುಂಡು ಬೆಲ್ಲವೋ ಇರುತ್ತಿತ್ತು. ಯಾಕೆಂದು ಅವಳು ಕೇಳಿರಲೂ ಇಲ್ಲ.

"ಬೇರೆಯವರ ಪಾತ್ರೆ ಬರಿದು ಮಾಡಿ ಇಡಬಾರದು," ಎಂದರು ಸುಮತಿ. "ಹೇಳಿಕೊಟ್ಟು ಬರೋದಲ್ಲ ಇದು, ಕೈಗೇ ಅಂಟಿರತ್ತೆ. ಕದ್ದವರು ಬೀಜ ಸುರಿದುಕೊಂಡರು. ಡಬ್ಬಿ ಶೆಲ್ಫಿಗೆ ಇಡೋ ಹೊತ್ತಿಗೆ, ತಲೆ ಬೇಡ ಅನ್ನೋದರೊಳಗೆ, ಕೈ ಸಕ್ಕರೆ ಹಾಕಿಬಿಟ್ಟಿತು. ಈಗ ಹೇಳಿ— ಸೋನುಭಾಯಿ ಹೀಗೆ ಮಾಡ್ತಾರಾ? ಅದು ಅವರದೇ ಮನೆ ಡಬ್ಬಿ. ತನ್ನ ಮನೆ ಡಬ್ಬಿಗೆ ಯಾರು ಮರ್ಯಾದೆ ಮಾಡ್ತಾರೆ?"

ಸೋನುಭಾಯಿ ಈಗ ತಲೆ ಎತ್ತಿದ.

"ಅಂದ್ರ ನಾನಾ?" ನಳಿನಿ ಗಾಬರಿಯಾದರು.

"ನೀವು ಹಾಕ್ತಿದ್ದಿರಿ ನಿಜ. ಆದರೆ ನಿಲ್ಲೋಕಾಗದವರಿಗೆ ಆ ಎತ್ತರದ ಶೆಲ್ಫು ನಿಲುಕಲ್ಲ. ರಶ್ಮಿ, ಹೋಟೆಲಿಂದ ಸಾಂಬಾರು ತರೋಕೆ ನಿಮ್ಮನೆ ಕ್ಯಾರಿಯರ್ ಕೊಡ್ತೀರಲ್ಲ. ಎಲ್ಲ ಡಬ್ಬಿಯಲ್ಲೂ ಸಾಂಬಾರಿರತ್ತಾ?"

ರಶ್ಮಿಗೆ ನೆನಪಾಯಿತು. ಕ್ಯಾರಿಯರಿನ ಮೇಲಿನ ಸಣ್ಣ ಡಬ್ಬಿ. ಚಿಕ್ಕಂದಿನಲ್ಲಿ ಅವಳು ಓಡಿಹೋಗಿ ಮೊದಲು ತೆಗೆಯುತ್ತಿದ್ದದ್ದು ಅದನ್ನೇ— ತನಗೆಂದೇ ಅಂಕಲ್ ಕಳಿಸುವುದೆಂದು ನಂಬಿದ್ದಳು. ಹೇಳಬಾರದೆನಿಸಿತು. ಸೋನುಭಾಯಿಯ ಮುಖ ನೋಡಿದ ಮೇಲೆ ಹೇಳದೆ ಇರಲಾಗಲಿಲ್ಲ.

"ಮೇಲಿಂದು ಖಾಲಿ ಇದ್ರೆ... ಅದ್ರಲ್ಲಿ ಶುಗರ್ ಇರತ್ತೆ. ಆಲ್ವೇಸ್."

ವಾಸುದೇವ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು.

"ನಿಮ್ಮ ಪುಡಿ ಡಬ್ಬಿ ಎರಡು ಕಿಲೋದ್ದು," ಸುಮತಿ ಮೆಲ್ಲಗೆ ಮುಂದುವರಿಸಿದರು. "ಬೆಳಿಗ್ಗೆ ಗಿರಾ ಜಲಪಾತದ ಹತ್ತಿರ ಇಪ್ಪತ್ತೆರಡು ಜನಕ್ಕೆ ಎರಡೆರಡು ಲೋಟ ಕೊಟ್ಟಿರಿ. ಈಗ ಮತ್ತೊಂದು ಸುತ್ತು. ಇಷ್ಟಾದ ಮೇಲೂ ಅದು ಈ ಹುಡುಗಿಯ ಬಟ್ಟೆ ಮೇಲೆ ತುಳುಕುವಷ್ಟು ತುಂಬಿದೆ. ಕಾಫಿ ಡಬ್ಬಿಯಲ್ಲಿ ಕಾಫಿಯನ್ನು ಯಾರು ಹುಡುಕುತ್ತಾರೆ, ಅಲ್ಲವೇ ವಾಸುದೇವ?"

ರಶ್ಮಿ ಡಬ್ಬಿ ತಂದು ಪೇಪರಿನ ಮೇಲೆ ಮಗುಚಿದಳು. ಪುಡಿಯ ಕೆಳಗಿನಿಂದ ಹಸಿರುಬೂದು ಬಣ್ಣದ ಬೀಜಗಳು ಸುರಿದವು.

ವಾಸುದೇವ ಚೆಲ್ಲಿದ ಬೀಜಗಳನ್ನು ಅಂಗೈಯಲ್ಲಿ ಒಟ್ಟುಮಾಡಿದರು. ಆಮೇಲೆ ಹಿಂದಿಯಲ್ಲಿ, ಕಾಶಿಬೆನ್‌ಗೇ ಹೇಳಿದರು. ಮಧ್ಯಾಹ್ನ ನನ್ನ ಹೋಟೆಲಿಗೆ ಒಂದು ಮೂಟೆ ಕೊಡುತ್ತೀರಾ ಎಂದು ಕೇಳಿದೆ. ಪಾಸಾದರೆ ಒಂದು ಕಾಳೂ ಇಲ್ಲಿ ಉಳಿಯುವುದಿಲ್ಲ, ಎಲ್ಲ ಹೊರದೇಶಕ್ಕೆ ಎಂದಿರಿ. ಈ ಪರೀಕ್ಷೆ ಒಂದು ತಪ್ಪಿದರೆ, ಗಿಡ ಕೀಳುವ ಮೊದಲು ಬಂದು ಎಲ್ಲವನ್ನೂ ನಾನೇ ಕೊಳ್ಳುವವನಿದ್ದೆ. ಅಂಥ ಕಾಫಿ ಕುಡಿದ ಮೇಲೆ ನನಗೆ ಬುದ್ಧಿ ನೆಟ್ಟಗಿರಲಿಲ್ಲ.

"ಸೋನುಭಾಯಿ ಮೇಲೆ ಅಪವಾದ ಬಂದಾಗ ಸುಮ್ಮನೆ ಹಾಲು ಕಾಯಿಸ್ತಿದ್ದಿರಲ್ಲ, ಅಂಕಲ್," ಎಂದಳು ರಶ್ಮಿ, ಇಡೀ ದಿನದಲ್ಲಿ ಮೊದಲ ಬಾರಿಗೆ ನೆಟ್ಟಗಿನ ಕನ್ನಡದಲ್ಲಿ.

ವಾಸುದೇವ ಎದ್ದುಹೋಗಿ ಸೋನುಭಾಯಿಯ ಮುಂದೆ ಕೈಜೋಡಿಸಿ ನಿಂತರು. ಗುರುಕಿರಣರೂ ಹಿಂದೆಯೇ ಹೋಗಿ ನಿಂತರು, ಕೆಮ್ಮಿದರು. ಸೋನುಭಾಯಿ ಇಬ್ಬರಿಗೂ ಬೆನ್ನು ತಿರುಗಿಸಿದ.

ಕಾಶಿಬೆನ್ ಮಾತ್ರ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಹಿಡಿ ಬೀಜ ಎತ್ತಿ ಮೂಸಿದರು, ಕೆಳಗೆ ಹಾಕಿದರು. ಚಿಕೋರಿ ಬೆರೆಸಿದ ಹೋಟೆಲ್ ಪುಡಿ. ವಾಸನೆ ಹಿಡಿದುಹೋಗಿತ್ತು, ಒರೆಸಿದರೆ ಹೋಗುವಂಥದ್ದಲ್ಲ. ಕಳ್ಳ ಸಿಕ್ಕರೂ ಕಾಫಿ ಸಿಗಲಿಲ್ಲ.

"ಆರಿಸದ ಮೂಟೆ ಇದೆಯಾ?" ಸುಮತಿ ಕೇಳಿದರು.

"ಇದೆ. ಆದರೆ ನಾಲ್ಕು ದಿನದ ಕೆಲಸ."

"ಒಬ್ಬರಿಗೆ," ಎಂದರು ಸುಮತಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.

ಬಸ್ಸು ಎರಡು ಗಂಟೆ ತಡವಾಗಿ ಹೊರಡುವುದೆಂದಾಯಿತು. ಜಗಲಿಯ ತುಂಬ ಚಾಪೆ, ಚಾಪೆಯ ಮೇಲೆ ಮೊರಗಳು. ಒಡೆದದ್ದು ಬೇಡ, ಹುಳು ಕೊರೆದದ್ದು ಬೇಡ, ಒಂದೇ ಗಾತ್ರದ್ದು ಬೇಕು— ಕಾಶಿಬೆನ್ ಒಬ್ಬೊಬ್ಬರ ಹಿಂದೆಯೂ ನಿಂತು ತೋರಿಸಿದರು. ಆರಿಸಿದ್ದರಲ್ಲಿ ಅರ್ಧ ವಾಪಸು ಸುರಿದರು. ಈ ಹೆಂಗಸು ನಾಲ್ಕು ದಿನ ಒಬ್ಬಳೇ ಇದನ್ನು ಮಾಡಿದಳಲ್ಲ ಎಂದು ರಶ್ಮಿ ಗೌರವದಿಂದ ನೆನೆದಳು, ಅವಳ ಕಣ್ಣು ಅರ್ಧ ಗಂಟೆಗೇ ಉರಿಯುತ್ತಿತ್ತು. ನಳಿನಿ ಊದಿದ ಕಾಲು ಚಾಚಿಕೊಂಡೇ ಎಲ್ಲರಿಗಿಂತ ಹೆಚ್ಚು ಆರಿಸಿದರು. ವಾಸುದೇವ ತುದಿಯಲ್ಲಿ ಕುಳಿತು ತಲೆ ಎತ್ತದೆ ಆರಿಸಿದರು. ಅವರ ಮೊರದಿಂದ ಮಾತ್ರ ಕಾಶಿಬೆನ್ ಒಂದು ಕಾಳನ್ನೂ ತೆಗೆದುಹಾಕಲಿಲ್ಲ.

ಆರು ಗಂಟೆಗೆ ಒಂದು ಕಿಲೋ ಆಗಿ ಚೀಲ ಸೇರಿತು. ಗುರುಕಿರಣ ಕೈ ಚಾಚಿದರು. ಕಾಶಿಬೆನ್ ಅವರನ್ನು ದಾಟಿ ಹೋಗಿ, ಚೀಲವನ್ನು ವಾಸುದೇವರ ಮುಂದೆ ಹಿಡಿದರು.

"ನಾನು?" ಎಂದರು ವಾಸುದೇವ.

"ಮಿಕ್ಕವರು ಸೀಟಿನ ಕೆಳಗೆ ಇಟ್ಟು ನಿದ್ದೆ ಮಾಡ್ತಾರೆ. ಇದರ ಬೆಲೆ ಗೊತ್ತಿರೋರು ನೀವೊಬ್ಬರೇ. ಈಗ ನಿಮಗೆ ನಿದ್ದೆಯೂ ಬರೋದಿಲ್ಲ."

ಬರಲೂ ಇಲ್ಲ. ದಾರಿಯುದ್ದಕ್ಕೂ ಚೀಲ ತೊಡೆಯ ಮೇಲೇ ಇತ್ತು. ಬಸ್ಸು ತಿಂಡಿಗೆ ನಿಂತಾಗಲೂ ಅವರು ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆ ಪರೀಕ್ಷೆಯ ಕಟ್ಟಡದ ಬಾಗಿಲು ತೆಗೆಯುವ ಮೊದಲೇ ಹೊರಗೆ ನಿಂತಿದ್ದರು, ಪಕ್ಕದಲ್ಲಿ ರಶ್ಮಿ. ಹೋಟೆಲನ್ನು ಆ ದಿನ ಯಾರು ತೆರೆದರೋ ಅವರಿಗೆ ಗೊತ್ತಿಲ್ಲ.

ಹನ್ನೊಂದೂವರೆಗೆ ಫಲಿತಾಂಶ ಬಂತು. ವಾಸುದೇವ ಕಾಶಿಬೆನ್‌ರ ನಂಬರು ಒತ್ತಿ ಸ್ಪೀಕರಿಗೆ ಹಾಕಿದರು. ಫೋನೆತ್ತಿದ್ದು ಸೋನುಭಾಯಿ. ಅತ್ತಿಗೆ ತೋಟದಲ್ಲಿದ್ದಾಳೆ ಎಂದ.

"ಪಾಸಾಯ್ತು ಭಾಯಿ," ಎಂದರು ವಾಸುದೇವ. "ಬೆಳೆ ಪೂರ್ತಿ ತಗೋತಾರಂತೆ. ಗಿಡ ಕೀಳಬೇಡಿ."

ಆ ಕಡೆ ಸೋನುಭಾಯಿ ತೋಟದತ್ತ ಕೂಗಿ ಅತ್ತಿಗೆಗೆ ಸುದ್ದಿ ಮುಟ್ಟಿಸಿದ.

"ಡಿಸೆಂಬರಿನಲ್ಲಿ ಕೊಯ್ಲು," ಎಂದ ಸೋನುಭಾಯಿ ಮತ್ತೆ ಫೋನಿಗೆ ಬಂದು. "ಹನ್ನೊಂದು ಮನೆಯ ಬೀಜ ಆರಿಸಬೇಕು, ಕೈ ಸಾಲದು. ನೀವು ಬರ್ತೀರಿ."

ಅದು ಪ್ರಶ್ನೆಯಾಗಿರಲಿಲ್ಲ. ವಾಸುದೇವ ಬರುತ್ತೇನೆ ಎಂದರು, ಫೋನಿನ ಮುಂದೆ ತಲೆಬಾಗಿಸಿಕೊಂಡು, ಎರಡೆರಡು ಸಲ.