ಮೂಲೆ ಸೈಟು ಮಾರಾಟಕ್ಕಿಲ್ಲ

ಬಾಗಲೂರಿನ ಲೇಔಟ್ ಗೇಟಿನ ಮುಂದೆ ಕಾರಿನಿಂದ ಇಳಿದ ನಯನಾ, ಎದುರಿಗೆ ಬಂದವನನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

ಗಿರಿ!

ಸೈಟು ನೋಡಬೇಕೆಂದು ಅವಳನ್ನು ಎಳೆತಂದವಳು ಆಫೀಸಿನ ಗೆಳತಿ ಜಬೀನ್. "ನಿಮ್ಮೂರ ಕಡೆನೇ ಅಲ್ವಾ, ಬಾರೇ" ಅಂದಾಗ ಒಲ್ಲೆ ಎನ್ನಲು ಬಾಯಿ ಬಂದಿರಲಿಲ್ಲ. ಆದರೆ ಸೈಟು ತೋರಿಸುವವನು ಇವನೇ ಆಗಿರಬೇಕೇ? ಹಣೆಬರಹ ಅನ್ನಬೇಕು, ಇನ್ನೇನು.

"ಬನ್ನಿ ಮೇಡಂ," ಎಂದ ಗಿರಿ. ಹೇಳಿದ್ದು ಜಬೀನ್‌ಗೆ. ಕಣ್ಣು ಮಾತ್ರ ನಯನಾಳ ಮೇಲಿತ್ತು.

ಮುಂದೆ ನಡೆಯುತ್ತಾ ಅವನೇ ಹೇಳತೊಡಗಿದ. "ಇದೆಲ್ಲ ಮೊದಲು ದ್ರಾಕ್ಷಿ ತೋಟ. ಆ ಪಾರ್ಕ್ ಇದೆಯಲ್ಲ, ಅಲ್ಲಿ ಬಾವಿ ಇತ್ತು. ಈ ರೋಡು ಎತ್ತಿನಗಾಡಿ ಜಾಡು. ಏರ್‌ಪೋರ್ಟ್ ಬಂದ್ಮೇಲೆ ಸುತ್ತಮುತ್ತ ಎಲ್ರೂ ಜಮೀನು ಕೊಟ್ರು. ಈ ತೋಟದವರೂ ಕೊಟ್ರು."

ಆ ತೋಟ ನಯನಾಳ ತಾತನದು. ಅಲ್ಲಿನ ಚಪ್ಪರದ ಕೆಳಗೇ ಒಂದು ಸಂಜೆ ಗಿರಿ ಅವಳ ಕೈಹಿಡಿದು, "ನಿನ್ನನ್ನೇ ಮದುವೆ ಆಗ್ತೀನಿ ಕಣೇ" ಎಂದಿದ್ದ. ಮಾರನೆಯ ಬೆಳಗ್ಗೆ ಲೇಔಟ್ ಮಾಡಲು ಹೊರಟಿದ್ದ ಅವನಪ್ಪ ಲಕ್ಕಣ್ಣ, ತೋಟದ ಕ್ರಯಪತ್ರ ಹಿಡಿದು ಇವರ ಮನೆ ಜಗಲಿಯ ಮೇಲೆ ಕೂತಿದ್ದ.

"ಈಗ ಎಣ್ಮಕ್ಳೂ ಸೈನ್ ಆಕ್ಲೇಬೇಕಮ್ಮ. ಇಲ್ಲೊಂದು ಆಕ್ಬುಡು," ಅಂದಿದ್ದ.

ಅಷ್ಟೇ. ಆ ಪ್ರೀತಿಯೆಲ್ಲ ಒಂದು ಸೈನಿಗಾಗಿ ಎಂದು ಅವಳಿಗೆ ಅನಿಸಿಬಿಟ್ಟಿತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಓದದೆಯೇ ಸೈನ್ ಹಾಕಿ, ಗಂಗಾನಗರದ ಚಿಕ್ಕಮ್ಮನ ಮನೆ ಸೇರಿದಳು. ಗಿರಿಯ ನಂಬರ್ ಬ್ಲಾಕ್ ಮಾಡಿದಳು.

ಮನಸ್ಸನ್ನು ಬ್ಲಾಕ್ ಮಾಡೋದು ಹೇಗೆ ಹೇಳಿ? ತಳ್ಳುಗಾಡಿಯಲ್ಲಿ ಕಪ್ಪು ದ್ರಾಕ್ಷಿ ಕಂಡರೂ ಕಣ್ಣು ತುಂಬುತ್ತಿತ್ತು. ಹೆಬ್ಬಾಳದಲ್ಲಿ ಬಾಗಲೂರು ಬಸ್ಸು ಬಂದಾಗಲೆಲ್ಲ ಹತ್ತಿಬಿಡಲೇ ಅನಿಸುತ್ತಿತ್ತು. ಹತ್ತುತ್ತಿರಲಿಲ್ಲ, ಅದು ಹೋಗುವವರೆಗೂ ನೋಡುತ್ತಾ ನಿಲ್ಲುತ್ತಿದ್ದಳು.

"ಆ ಮೂಲೆ ಸೈಟು ಚೆನ್ನಾಗಿದೆ. ಎರಡು ಕಡೆ ರೋಡು. ಅದನ್ನೇ ಕೊಡಿ," ಎಂದಳು ಜಬೀನ್.

"ಅದು ಮಾರಾಟಕ್ಕಿಲ್ಲ ಮೇಡಂ."

ನಯನಾ ತಿರುಗಿ ನೋಡಿದಳು. ಸಾಲುಮನೆಗಳ ಕೊನೆಗೆ ಅದೊಂದೇ ಸೈಟಿನಲ್ಲಿ ಹಳೆಯ ಕಲ್ಲುಕಂಬಗಳು, ತುಕ್ಕು ತಂತಿ, ಮೇಲೆ ಹಬ್ಬಿದ ದ್ರಾಕ್ಷಿ ಬಳ್ಳಿ. ಅದೇ ಚಪ್ಪರ... ಅದೇ ಜಾಗ...

ಜಬೀನ್ ಇಬ್ಬರ ಮುಖವನ್ನೂ ನೋಡಿದಳು. ಪೆದ್ದಿಯಲ್ಲ ಅವಳು. ಮನೆಗೊಂದು ಫೋನ್ ಮಾಡಬೇಕು ಎಂದು ಕಾರಿನ ಕಡೆ ನಡೆದುಬಿಟ್ಟಳು.

"ಇದನ್ಯಾಕೆ ಬಿಟ್ಟೆ?" ನಯನಾ ಕೇಳಿದಳು.

"ಮಾರೋಕೆ ಕೈ ಬರ್ಲಿಲ್ಲ. ಅಪ್ಪ ಇವತ್ತಿಗೂ ಬೈತಾರೆ."

ವರ್ಷಗಟ್ಟಲೆ ಕೇಳದೇ ಉಳಿದಿದ್ದ ಪ್ರಶ್ನೆಯನ್ನು ಕೊನೆಗೂ ಕೇಳಿದಳು. "ನಿಮ್ಮಪ್ಪ ಪತ್ರ ತರ್ತಾರೆ ಅಂತ ಆವತ್ತು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕಾರಿನ ಕಡೆ ತಿರುಗಿದಳು. ಹಾಗಾದರೆ ತಾನು ಅಂದುಕೊಂಡಿದ್ದೇ ನಿಜ...

"ಗೊತ್ತಿದ್ದಕ್ಕೇ ಹಿಂದಿನ ದಿನ ಓಡಿ ಬಂದು ಮದುವೆ ಮಾತು ಹೇಳ್ದೆ," ಎಂದ ಗಿರಿ. "ಪತ್ರ ಬಂದ್ಮೇಲೆ ಹೇಳಿದ್ರೆ ಸೈನಿಗೋಸ್ಕರ ಅಂದ್ಕೋತೀಯ ಅಂತ ಭಯ. ಮುಂಚೆ ಹೇಳಿದ್ರೂ ಹಂಗೇ ಕಾಣುತ್ತೆ ಅಂತ ತಲೆಗೆ ಹೊಳೀಲಿಲ್ಲ. ಪೆದ್ದ ಕಣೇ ನಾನು."

ನಯನಾಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಆವತ್ತೇ ಈ ಮಾತು ಕೇಳಿದ್ದರೆ...

"ನಾನೇ ಕೇಳ್ಬೇಕಿತ್ತು," ಎಂದಳು. "ನೀನಾದ್ರೂ ಹುಡುಕ್ಕೊಂಡು ಬರಬಾರದಿತ್ತಾ?"

"ಬಂದಿದ್ದೆ. ನಿಮ್ಮ ಚಿಕ್ಕಮ್ಮನ ಮನೆ ಗೇಟ್ ತನಕ. ಇನ್ನೇನ್ ಬೇಕಾಗಿ ಬಂದ ಅಂತೀಯೇನೋ ಅನ್ನಿಸ್ತು. ವಾಪಸ್ ಹೋದೆ."

ಗಿರಿ ಬಳ್ಳಿಯ ಒಣ ಎಲೆಯೊಂದನ್ನು ಕಿತ್ತ. ಆಮೇಲೆ ಮೆಲ್ಲಗೆ ಕೇಳಿದ.

"ಸಬ್ ರಿಜಿಸ್ಟ್ರಾರ್ ಆಫೀಸಿಗೆ ಇನ್ನೊಂದ್ಸಲ ಬರ್ತೀಯಾ?"

"ಇನ್ನೇನ್ ಉಳಿದಿದೆ ನಮ್ದು, ಬರ್ಕೊಡೋಕೆ?"

"ಮದುವೆನೂ ಅಲ್ಲೇ ರಿಜಿಸ್ಟರ್ ಮಾಡ್ತಾರೆ, ನಯನಾ."

ಅವಳು ದುಪಟ್ಟಾ ತುದಿಯಿಂದ ಕಣ್ಣೊರೆಸಿಕೊಂಡಳು. "ಬರ್ತೀನಿ. ಆದ್ರೆ ಈ ಸಲ ಮೊದಲು ನೀನು ಸೈನ್ ಹಾಕ್ಬೇಕು."

"ಎಲ್ಲಿ ಅಂತ ತೋರ್ಸು," ಎಂದ ಗಿರಿ, ಅವಳ ಕೈ ಹಿಡಿದುಕೊಂಡು. "ಓದ್ದೇನೇ ಹಾಕ್ತೀನಿ."