ಕೆಂಪೋ, ಮಿಕ್ಸಿಯೋ

ಅಮ್ಮ ಶೆಡ್ಡಿನ ಬಾಗಿಲಲ್ಲೇ ನಿಂತು ಒಮ್ಮೆ ನಿಧಾನವಾಗಿ ಉಸಿರೆಳೆದುಕೊಂಡಳು.

"ಮಿಷಿನ್ ಎಣ್ಣೆ ವಾಸನೆ," ಎಂದಳು. "ಚಿಕ್ಕವಳಿದ್ದಾಗ ನಮ್ಮಮ್ಮನ ಹೊಲಿಗೆ ಮಿಷಿನ್ ಕೆಳಗೆ ಕೂತು ಬಟ್ಟೆ ಚೂರು ಆರಿಸ್ತಿದ್ದೆ. ನಿದ್ದೆ ಬಂದ್ರೆ ಅಲ್ಲೇ ಮಲಗೋದು. ಕಣ್ಣು ಮುಚ್ಚಿದ್ರೆ ಇದೇ ವಾಸನೆ."

"ಅಮ್ಮಾ, ಬೈಕು ನೋಡೋಕೆ ಬಂದಿರೋದು, ವಾಸನೆ ನೋಡೋಕಲ್ಲ," ಎಂದು ಮಿಡತೆ ಅವಳ ಕೈ ಹಿಡಿದು ಒಳಗೆ ಎಳೆದಳು.

ಮಿಡತೆ ಎಂದು ಹೆಸರಿಟ್ಟವನು ಅಪ್ಪ. ಅವಳು ನಡೆದದ್ದನ್ನು ಯಾರೂ ನೋಡಿರಲಿಲ್ಲ, ಎಲ್ಲಿಗೆ ಹೋದರೂ ಕುಪ್ಪಳಿಸಿಕೊಂಡೇ ಹೋಗುತ್ತಿದ್ದಳು. ಅವಳ ನಿಜವಾದ ಹೆಸರು ಈಗ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು.

ಶೆಡ್ಡಿನೊಳಗೆ ಎರಡು ಟ್ರಯಲ್ಸ್ ಬೈಕುಗಳು ನಿಂತಿದ್ದವು. ಎರಡಕ್ಕೂ ಸೀಟು ಇರಲಿಲ್ಲ. ಟ್ರಯಲ್ಸ್ ಬೈಕಿಗೆ ಸೀಟು ಇರುವುದೇ ಇಲ್ಲ. ಅದರ ಮೇಲೆ ನಿಂತುಕೊಂಡೇ ಹೋಗಬೇಕು. ಬೇಗ ಹೋದವರು ಗೆಲ್ಲುವ ಆಟವೂ ಇದಲ್ಲ. ಬಂಡೆ, ಮರದ ದಿಮ್ಮಿ, ಕೊರಕಲು ಎಲ್ಲವನ್ನೂ ನಿಧಾನವಾಗಿ ದಾಟಬೇಕು, ಕಾಲು ನೆಲಕ್ಕೆ ತಾಗಿಸಬಾರದು. ತಾಗಿಸಿದರೆ ಒಂದು ಪಾಯಿಂಟು ಹೋಯಿತು.

ಮಕ್ಕಳು ಓಡಿಸುವಾಗ ಪಕ್ಕದಲ್ಲಿ ಒಬ್ಬ ದೊಡ್ಡವರು ನಡೆಯುತ್ತಾರೆ, ಬೈಕು ಮಗುಚಿದರೆ ಹಿಡಿಯಲು. ಹಿಡಿದರೆ ಐದು ಪಾಯಿಂಟು ಹೋಗುತ್ತದೆ. "ಹಿಡೀದಿದ್ರೆ ಹಲ್ಲು ಹೋಗುತ್ತೆ," ಎನ್ನುತ್ತಿದ್ದಳು ಅಮ್ಮ. ಅಪ್ಪ ಬಸ್ ಡ್ರೈವರ್, ಭಾನುವಾರವೂ ಅವನಿಗೆ ಡ್ಯೂಟಿ. ಹಾಗಾಗಿ ಪ್ರಾಕ್ಟೀಸಿಗೆ ಅಮ್ಮನೇ ಬರುತ್ತಿದ್ದಳು.

ಇಷ್ಟು ದಿನ ಮಿಡತೆ ಓಡಿಸಿದ್ದು ಊರಿನ ಟ್ರಯಲ್ಸ್ ಕ್ಲಬ್ಬಿನ ಪುಟಾಣಿ ಬೈಕು. ಅದರ ಮೇಲೆ ಈಗ ಅವಳ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತಿತ್ತು. ಅದು ಇನ್ನೊಬ್ಬ ಚಿಕ್ಕ ಹುಡುಗನ ಪಾಲಾಗಿತ್ತು. ಮುಂದಿನ ತಿಂಗಳು ಮಿಡತೆಯ ಮೊದಲ ಸ್ಪರ್ಧೆ, ಕೈಯಲ್ಲಿ ಮಾತ್ರ ಬೈಕಿಲ್ಲ. ಇವತ್ತು ಅಪ್ಪ ರಜೆ ಹಾಕಿದ್ದೇ ಅದಕ್ಕೆ.

"ಎರಡೇ ಇರೋದು, ಡ್ರೈವರ್ ಸಾಹೇಬ್ರೇ," ಎಂದರು ಬೈಕು ಮಾರುವವರು. ಊರಿನ ಮಕ್ಕಳು ಅವರನ್ನು ಮೀಸೆ ಅಂಕಲ್ ಎನ್ನುತ್ತಿದ್ದರು. ಮೀಸೆ ಮುಖಕ್ಕಿಂತ ಅಗಲವಿತ್ತು. "ಬೆಲೆ ಹೆಚ್ಚುಕಮ್ಮಿ ಒಂದೇ. ಮಧ್ಯಾಹ್ನದ ಮೇಲೆ ಇನ್ನೊಬ್ರು ಬರ್ತಾರೆ. ನೀವು ಬಿಟ್ಟಿದ್ದು ಅವರಿಗೆ."

ಮಿಡತೆ ಆಗಲೇ ಆರಿಸಿಯಾಗಿತ್ತು. ಕೆಂಪು ಬೈಕು. ಪೆಟ್ರೋಲಿನದು. ಕ್ಲಬ್ಬಿನ ದೊಡ್ಡ ಹುಡುಗರ ಬೈಕಿನಂತೆಯೇ ಪರಪರ ಎನ್ನುತ್ತದೆ.

ಇನ್ನೊಂದು ಬೂದು ಬಣ್ಣದ್ದು, ಬ್ಯಾಟರಿಯದು. ಆಕಾರದಲ್ಲಿ ಸ್ವಲ್ಪ ಚಿಕ್ಕದು. ಅಂಥದ್ದು ಕ್ಲಬ್ಬಿಗೆ ಬಂದರೆ ಹುಡುಗರೆಲ್ಲ, "ಮಿಕ್ಸಿ ಬಂತು, ಜಾರ್ ಎಲ್ಲಿ," ಎಂದು ಕಾಡಿಸುತ್ತಾರೆ.

"ಮಿಕ್ಸಿ ಬೇಡಪ್ಪ," ಎಂದಳು ಮಿಡತೆ. "ನೋಡೋದೂ ಬೇಡ."

"ತಾಳು, ತಾಳು. ಯಾವುದನ್ನೂ ಅಳತೆ ಇಲ್ಲದೆ ತಗೋಬಾರದು," ಎಂದ ಅಪ್ಪ. ಅಮ್ಮನ ಕೊರಳಲ್ಲಿ ಯಾವಾಗಲೂ ಇರುವ ಅಳತೆ ಟೇಪನ್ನು ತೆಗೆದುಕೊಂಡ. ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಟೇಪು ಕೊರಳಲ್ಲಿರುವುದನ್ನು ಮರೆತು ಮದುವೆಮನೆಗೂ ಹೋಗಿಬಂದವಳು ಅವಳು.

ಅಪ್ಪ ಮಿಡತೆಯ ಕಾಲು ಅಳೆದ, ಕೈ ಅಳೆದ, ಭುಜ ಅಳೆದ. ಎಲ್ಲವನ್ನೂ ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡ.

"ರೀ, ಪ್ಯಾಂಟು ಹೊಲಿಸ್ತೀರಾ, ಬೈಕು ಕೊಡಿಸ್ತೀರಾ?" ಎಂದಳು ಅಮ್ಮ.

"ನಗಬೇಡ್ವೇ. ಕೆಂಪುದು ಅಳತೆಗೆ ಸರಿಯಾಗಿದೆ. ಎರಡು ಮೂರು ವರ್ಷಕ್ಕೆ ಚಿಂತೆ ಇಲ್ಲ." ಅಪ್ಪ ಅಂಗೈಯನ್ನು ಎಲ್ಲರಿಗೂ ತೋರಿಸಿದ.

ಮಿಡತೆ ಕುಪ್ಪಳಿಸಿದಳು.

ಶೆಡ್ಡಿನ ಹಿಂದಿನ ಅಂಗಳದಲ್ಲಿ ಓಡಿಸಿ ನೋಡಲೆಂದೇ ಕಲ್ಲಿನ ಗುಡ್ಡೆ ಇತ್ತು. ಮಿಡತೆ ಹೆಲ್ಮೆಟ್ ಹಾಕಿಕೊಂಡಳು. ಇಂಜಿನ್ ನಿಲ್ಲಿಸುವ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಂಡಳು. ಬಿದ್ದರೆ ದಾರ ಕಳಚುತ್ತದೆ, ಇಂಜಿನ್ ನಿಲ್ಲುತ್ತದೆ. ಅಮ್ಮ ಊಟದ ಚೀಲವನ್ನು ಗೋಡೆಯ ಬಳಿ ಇಟ್ಟು ಎಡಗಡೆ ಬಂದು ನಿಂತಳು.

ಕೆಂಪು ಬೈಕು ಗುಡುಗಿತು. ಮಿಡತೆಯ ಹೊಟ್ಟೆಯೊಳಗೂ ಪರಪರ ಎಂದಿತು. ಎಂಥ ಖುಷಿ! ಮೊದಲ ಕಲ್ಲು ಹತ್ತಿತು. ಎರಡನೆಯದನ್ನೂ ಹತ್ತಿತು. ಪಕ್ಕದಲ್ಲಿ ಅಮ್ಮನ ಬಾಯಿ ಅಲ್ಲಾಡುವುದು ಕಂಡಿತು. ಏನು ಹೇಳುತ್ತಿದ್ದಾಳೆಂದು ಕೇಳಿಸಲಿಲ್ಲ.

ಮೇಲಿನ ಕಲ್ಲಿನ ಮೇಲೆ ಮುಂದಿನ ಚಕ್ರ ಸರಕ್ಕನೆ ಜಾರಿತು. ಬೈಕು ಎಡಕ್ಕೆ ವಾಲಿತು. ಮಿಡತೆ ಹಾರಿಕೊಂಡಳು. ಹಾರುವುದೊಂದನ್ನು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ದಾರ ಕಳಚಿ ಇಂಜಿನ್ ನಿಂತಿತು.

ತಿರುಗಿ ನೋಡಿದರೆ ಕೆಂಪು ಬೈಕು ನೆಲಕ್ಕೆ ಬಿದ್ದಿರಲಿಲ್ಲ. ಅಮ್ಮನ ಮೇಲಿತ್ತು. ಅಮ್ಮ ಹ್ಯಾಂಡಲ್ಲಿನ ಕೆಳಗೆ ಭುಜ ಕೊಟ್ಟು, ತುದಿಗಾಲಲ್ಲಿ ನಿಂತು, ಎರಡೂ ಕೈಯಿಂದ ಅದನ್ನು ತಡೆದುಕೊಂಡಿದ್ದಳು. ಮುಖ ಬೈಕಿನಷ್ಟೇ ಕೆಂಪಾಗಿತ್ತು.

"ಪೆಟ್ಟಾಯ್ತಾ ಪುಟ್ಟಿ?" ಎಂದಳು, ಅಲ್ಲಿಂದಲೇ.

"ಇಲ್ಲಮ್ಮ."

"ಹಾಗಾದ್ರೆ ಈ ಮಹಾರಾಯನ ಆ ಕಡೆ ಹಿಡ್ಕೋ."

ಇಬ್ಬರೂ ಸೇರಿ ಬೈಕನ್ನು ಇಳಿಸಿದರು. ಅಂಗಳದ ಆ ತುದಿಯಲ್ಲಿ ಅಪ್ಪ ಬೂದು ಬೈಕಿನ ಟಯರ್ ಒತ್ತಿ ನೋಡುತ್ತಿದ್ದ, ಇತ್ತ ನೋಡಲೇ ಇಲ್ಲ.

"ಇದರಲ್ಲಿ ಗಾಳೀನೇ ಇಲ್ವಲ್ಲ," ಎನ್ನುತ್ತಿದ್ದ.

"ಹಾಗೇ ಇರಬೇಕು ಸಾಹೇಬ್ರೇ. ಮೆತ್ತಗಿದ್ರೆ ಕಲ್ಲನ್ನ ತಬ್ಬಿಕೊಳ್ಳುತ್ತೆ. ಇದೇನು ನಿಮ್ಮ ಬಸ್ಸಾ?"

ಅಮ್ಮ ಗೋಡೆಗೆ ಒರಗಿ ನೀರಿನ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿದಳು. ಅದು ತಿರುಗಲಿಲ್ಲ. ಬೆರಳು ಮುಚ್ಚಳದ ಮೇಲೆ ಜಾರಿತು. ಸೆರಗಿನಿಂದ ಕೈ ಒರೆಸಿಕೊಂಡು ಇನ್ನೊಮ್ಮೆ ತಿರುಗಿಸಿದಳು. ಆಮೇಲೆ, ಬಾಯಾರಿಕೆಯೇ ಇಲ್ಲವೆಂಬಂತೆ ಬಾಟಲಿಯನ್ನು ಮತ್ತೆ ಚೀಲದಲ್ಲಿಟ್ಟಳು.

"ಚೆನ್ನಾಗಿ ಹತ್ತಿಸ್ದೆ ಕಂದ," ಎಂದಳು. "ನಿಂಗೆ ಇಷ್ಟ ಅಲ್ವಾ? ಇದನ್ನೇ ತಗೋ."

ಮಿಡತೆಗೆ ಈಗ ಖುಷಿಯಾಗಬೇಕಿತ್ತು. ಅವಳು ಅಮ್ಮನ ಬೆರಳುಗಳನ್ನೇ ನೋಡುತ್ತಿದ್ದಳು. ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಸಣ್ಣ ಚುಕ್ಕೆಗಳು. ಅಂಗೈಯಲ್ಲಿ ಹ್ಯಾಂಡಲ್ಲಿನ ಗುರುತು ಕೆಂಪು ಗೆರೆಯಾಗಿ ಮೂಡಿತ್ತು.

ಕಳೆದ ಭಾನುವಾರ ಎಷ್ಟು ಸಲ ಬಿದ್ದೆ ಎಂದು ಅವಳು ಬೆರಳು ಮಡಚುತ್ತ ಲೆಕ್ಕ ಹಾಕಿದಳು. ದಿಮ್ಮಿಯ ಹತ್ತಿರ, ಕೊರಕಲಿನಲ್ಲಿ, ಮತ್ತೆ ದಿಮ್ಮಿಯ ಹತ್ತಿರ. ಎರಡೂ ಕೈಯ ಬೆರಳು ಮುಗಿದವು, ಬಿದ್ದದ್ದು ಮುಗಿಯಲಿಲ್ಲ. ಆ ಪುಟಾಣಿ ಬೈಕನ್ನು ಪ್ರತಿ ಸಲ ಎತ್ತಿ ನಿಲ್ಲಿಸಿದವಳು ಅಮ್ಮ. ಸೋಮವಾರ ಬೆಳಿಗ್ಗೆ ಅದೇ ಕೈಯಲ್ಲಿ ಸೂಜಿಗೆ ದಾರ ಪೋಣಿಸಿದವಳೂ ಅಮ್ಮ.

ಮಿಡತೆ ಮಡಚಿದ ಬೆರಳುಗಳನ್ನು ಬಿಚ್ಚಿದಳು.

"ಅಂಕಲ್, ಆ ಮಿಕ್ಸಿನೂ ಒಂದ್ಸಲ ಓಡಿಸಿ ನೋಡ್ಲಾ?"

"ಮಿಕ್ಸಿನಾ?" ಮೀಸೆ ಅಂಕಲ್ ಅವರ ಮೀಸೆಯ ಎರಡೂ ತುದಿ ಕೆಳಗಿಳಿದವು. "ಪಾಪ, ಅದರ ಎದುರಿಗೇ ಹಾಗನ್ನಬೇಡಮ್ಮ."

"ಅಳತೆ ಸರಿಹೋಗಲ್ಲ," ಎಂದು ಅಪ್ಪ ಅಂಗೈ ನೋಡಿಕೊಂಡ.

"ನೋಡೋದಕ್ಕೇನು ಬಿಡಪ್ಪ."

ಬೂದು ಬೈಕು ಗುಂಯ್ ಎಂದಿತು, ಅಷ್ಟೇ. ಹೊಟ್ಟೆಯೊಳಗೆ ಏನೂ ಆಗಲಿಲ್ಲ. ಮಿಡತೆಗೆ ಸ್ವಲ್ಪ ನಾಚಿಕೆಯೇ ಆಯಿತು. ಅದೇ ಗುಡ್ಡೆಯ ಕಡೆಗೆ ತಿರುಗಿಸಿದಳು. ಅಮ್ಮ ಆಗಷ್ಟೇ ಚೀಲ ಎತ್ತಿಕೊಂಡಿದ್ದವಳು ಅದನ್ನು ಕೆಳಗಿಡಲೂ ಪುರಸೊತ್ತಿಲ್ಲದೆ ಪಕ್ಕಕ್ಕೆ ಓಡಿಬಂದಳು.

ಮೊದಲ ಕಲ್ಲು. ಎರಡನೆಯದು.

"ಬಲಕ್ಕೆ," ಎಂದಳು ಅಮ್ಮ. ಕೂಗಲಿಲ್ಲ, ಮನೆಯಲ್ಲಿ ಮಾತಾಡುವಂತೆ ಹೇಳಿದಳು. "ಇನ್ನೊಂಚೂರು ಬಲಕ್ಕೆ. ಹಾಂ. ಈಗ ಹೋಗು."

ಮಿಡತೆಗೆ ಎಲ್ಲವೂ ಕೇಳಿಸಿತು. ಚಕ್ರ ಮೇಲಿನ ಕಲ್ಲನ್ನು ತಬ್ಬಿಕೊಂಡಿತು. ಬೈಕು ಗುಡ್ಡೆಯ ಆ ಕಡೆಗೆ ಇಳಿಯಿತು. ಕಾಲು ಒಮ್ಮೆಯೂ ನೆಲಕ್ಕೆ ತಾಗಿರಲಿಲ್ಲ.

ಇನ್ನೊಮ್ಮೆ ಹತ್ತಿಸಿದಳು. ಈ ಸಲ ಗೆದ್ದ ಗತ್ತು ಜಾಸ್ತಿಯಾಗಿ ಚಕ್ರ ಜಾರಿತು. ಅಮ್ಮ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದಳು. ಬೈಕು ನಿಂತಿತು. ಇನ್ನೊಂದು ಕೈಯಲ್ಲಿ ಊಟದ ಚೀಲ ಇದ್ದ ಹಾಗೇ ಇತ್ತು.

"ಅಪ್ಪಾ, ಇದು," ಎಂದಳು ಮಿಡತೆ.

"ಯಾವುದು? ಮಿಕ್ಸಿನಾ? ಈಗ ತಾನೇ ನೋಡೋದೂ ಬೇಡ ಅಂದೆ."

"ಇದರಲ್ಲಿ ಅಮ್ಮ ಹೇಳೋದು ಕೇಳಿಸುತ್ತೆ."

"ಒಂದೂವರೆ ವರ್ಷಕ್ಕೆ ಚಿಕ್ಕದಾಗುತ್ತೆ ಕಣೇ."

"ಹ್ಯಾಂಡಲ್ ಎತ್ತರಿಸಿ ಕೊಡ್ತೀನಿ, ಎರಡು ವರ್ಷ ಬರುತ್ತೆ," ಎಂದರು ಮೀಸೆ ಅಂಕಲ್.

"ಚಿಕ್ಕದಾದಾಗ ಕೆಂಪುದು ತಗೊಳ್ಳೋಣ. ಅಷ್ಟೊತ್ತಿಗೆ ಬಿದ್ರೆ ನಾನೇ ಎತ್ಕೋತೀನಿ."

ಅಪ್ಪ ಅಮ್ಮನ ಕಡೆ ನೋಡಿದ. ಅವಳು ಚೀಲವನ್ನು ಕೈಯಿಂದ ಕೈಗೆ ಬದಲಾಯಿಸುತ್ತ ಭುಜ ತಿರುಗಿಸಿಕೊಳ್ಳುತ್ತಿದ್ದಳು. ಅಪ್ಪ ಅಂಗೈಯನ್ನು ಪ್ಯಾಂಟಿಗೆ ಉಜ್ಜಿ ಬರೆದದ್ದನ್ನೆಲ್ಲ ಅಳಿಸಿದ.

"ಸರಿ ಅಂಕಲ್... ಅಲ್ಲ, ಸರಿ ಸಾರ್," ಎಂದ. "ಇದೇ ಇರಲಿ."

ಹೊರಡುವ ಮುಂಚೆ ಮಿಡತೆ ಶೆಡ್ಡಿಗೆ ಹಿಂತಿರುಗಿದಳು. "ಅಂಕಲ್, ಕೆಂಪುದನ್ನ ಒಂದೇ ಒಂದ್ಸಲ ಸ್ಟಾರ್ಟ್ ಮಾಡ್ತೀರಾ? ಸುಮ್ನೆ. ಕೇಳೋದಕ್ಕೆ."

ಮೀಸೆ ಅಂಕಲ್ ಕಿಕ್ ಹೊಡೆದರು. ಅದು ಪರಪರ ಎಂದಿತು. ಮಿಡತೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಳು.

"ಹುಡುಗರು ಮಿಕ್ಸಿ ಅಂತ ಆಡಿಕೊಂಡ್ರೆ," ಎಂದರು ಅವರು ಇಂಜಿನ್ ನಿಲ್ಲಿಸಿ, "ಹೌದು, ಎಲ್ಲರನ್ನೂ ಪುಡಿ ಮಾಡೋಕೆ ಬಂದಿದ್ದೀನಿ ಅನ್ನು."

ಮಿಡತೆ ತಾವು ಬಂದಿದ್ದ ವ್ಯಾನಿನವರೆಗೂ ನಗುತ್ತಲೇ ಕುಪ್ಪಳಿಸಿದಳು.

ಅಪ್ಪ ಬೂದು ಬೈಕನ್ನು ವ್ಯಾನಿನ ಹಿಂದೆ ಹಗ್ಗದಿಂದ ಬಿಗಿಯುತ್ತಿದ್ದ. ಅಮ್ಮ ಒಳಗೆ ಕೂತು ಊಟದ ಡಬ್ಬಿ ತೆಗೆದಿದ್ದಳು. ಎಂದಿನಂತೆ ಮೊದಲು ಮಿಡತೆಗೆ, ಆಮೇಲೆ ಅಪ್ಪನಿಗೆ, ಉಳಿದದ್ದು ತನಗೆ. ಆದರೆ ಡಬ್ಬಿಯ ಕ್ಲಿಪ್ಪು ಅವಳ ಹೆಬ್ಬೆರಳಿಗೆ ಬಗ್ಗುತ್ತಿರಲಿಲ್ಲ.

ಮಿಡತೆ ಪಕ್ಕದಲ್ಲಿ ಕೂತು ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಟಕ್ಕೆಂದು ತೆರೆದಳು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಸೌತೆಕಾಯಿ. ನೀರಿನ ಬಾಟಲಿಯ ಮುಚ್ಚಳವನ್ನೂ ತಿರುಗಿಸಿ ತೆಗೆದಿಟ್ಟಳು. ಎರಡು ಬ್ರೆಡ್ಡಿನ ನಡುವೆ ಮೊಟ್ಟೆ ಇಟ್ಟು, ಮಧ್ಯದ ದಪ್ಪ ಸೌತೆ ಹೋಳುಗಳನ್ನೇ ಆರಿಸಿ ಜೋಡಿಸಿದಳು.

ಅದನ್ನು ಮೊದಲು ಅಮ್ಮನ ಕೈಗೆ ಕೊಟ್ಟಳು.