ಖಜಾಂಚಿಯ ಮೇಜಿನ ಹಿತ್ತಾಳೆ ಮೊಳೆ

ರಾಜ್ಯ ಖಜಾಂಚಿಯ ಹಳೆಯ ಮೇಜಿಗೆ ಮೇಣ ತಿಕ್ಕುತ್ತಾ ಮೇಲಿನ ಡ್ರಾಯರ್ ಎಳೆದೆ. ನಮ್ಮ ಡಕೋಟದಲ್ಲಿ ಜನ ಓಟು ಹಾಕಿ ಆರಿಸಿದ ಖಜಾಂಚಿಗಳೆಲ್ಲ ಕುರ್ಚಿ ಬಿಡುವ ದಿನ ಅದರ ತಳದಲ್ಲಿ ಹೆಸರು ಬರೆದು ಹೋಗುತ್ತಾರೆ. ಅಧಿಕಾರದಲ್ಲಿದ್ದಾಗಲೇ ತೀರಿಕೊಂಡವರ ಪಾಲಿಗೆ ಹೆಸರಿಲ್ಲ, ಒಂದು ಹಿತ್ತಾಳೆ ಮೊಳೆ ಹೊಡೆಯುತ್ತಾರೆ. ಅಂಥವು ಎರಡಿದ್ದವು. ಆ ಮಧ್ಯಾಹ್ನ ಕೊನೆಯ ಹೆಸರಿನ ಕೆಳಗೆ ಮೂರನೆಯದೊಂದು ಹೊಳೆಯುತ್ತಿತ್ತು. ಮುಟ್ಟಿದರೆ ಜನವರಿಯ ಹಿಮದಲ್ಲಿ ಕೊರೆಯುವ ನೀರಿನ ಪಂಪಿನ ಹಿಡಿಯ ಹಾಗೆ ತಣ್ಣಗೆ ಬೆರಳಿಗೆ ಅಂಟಿಕೊಂಡಿತು.

ಇಕ್ಕಳದಿಂದ ಕಿತ್ತೆಸೆದೆ. ಮರುದಿನ ಅದೇ ಜಾಗದಲ್ಲಿ ಮತ್ತೆ ಇತ್ತು.

ಆಗಿನ ಖಜಾಂಚಿ ಆರ್ಡಿಸ್ ಹಾಗೆನ್ ಅವರಿಗೆ ಹೃದಯದ ಕಾಯಿಲೆ. ಕೆಲಸ ಬಿಡದಿದ್ದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ರಾಜೀನಾಮೆ ಬರೆದಿದ್ದರೂ ಮನಸ್ಸು ಒಪ್ಪದೆ ತಿಂಗಳುಗಟ್ಟಲೆ ಕೈಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ನನಗೆ ತಡೆಯಲಾಗದೆ ಅವರಿಗೆ ಡ್ರಾಯರ್ ತೋರಿಸಿದೆ.

“ಏನ್ ಲವಾನ್, ನನ್ನ ಸಾಗಹಾಕೋಕೆ ನಿಂಗೂ ಅವಸರಾನಾ?” ಎಂದು ನಕ್ಕರು.

“ನಾನ್ ಹೊಡೆದಿದ್ದಲ್ಲ ಮೇಡಂ. ಮುಟ್ಟಿ ನೋಡಿ, ಮಂಜುಗಡ್ಡೆ ಥರ ಇದೆ.”

ಅವರು ಬೆರಳಿಟ್ಟರು. ನಗು ನಿಂತಿತು.

“ತಣ್ಣಗೆಲ್ಲಿದೆ? ಬೆಚ್ಚಗಿದೆ. ನಾಡಿ ಬಡ್ಕೊಂಡ ಹಾಗೆ ಬಡ್ಕೊಳ್ತಿದೆ.”

ಪೆನ್ನು ತೆಗೆದು ಮೊಳೆಯ ಪಕ್ಕ ಹೆಸರು ಬರೆಯಲು ನೋಡಿದರು. ಎಷ್ಟು ಗೀಚಿದರೂ ಮರಕ್ಕೆ ಶಾಯಿ ಹಿಡಿಯಲಿಲ್ಲ.

“ಇನ್ನೂ ಕುರ್ಚಿ ಬಿಟ್ಟಿಲ್ವಲ್ಲ, ಅದಕ್ಕೇ. ಕೈ ಕೊಡು. ಕೆಳಗೆ ಹೋಗೋಣ.”

ಕೈಚೀಲದಿಂದ ರಾಜೀನಾಮೆಯ ಲಕೋಟೆ ತೆಗೆದು, ಎದೆಗೊತ್ತಿಕೊಂಡೇ ಮೆಟ್ಟಿಲಿಳಿದರು. ಗವರ್ನರ್ ಕಚೇರಿಯ ಗುಮಾಸ್ತೆ ಅದನ್ನು ತೆಗೆದುಕೊಂಡವಳೇ ಮೇಜಿನ ಮೇಲೆ ಬಿಟ್ಟುಬಿಟ್ಟಳು.

“ಏನ್ ಮೇಡಂ, ಇದನ್ನ ಐಸ್‌ನಲ್ಲಿ ಇಟ್ಟಿದ್ರಾ?” ಎಂದು ಬೆರಳು ಉಜ್ಜಿಕೊಂಡಳು. ಅದು ಆ ಮೊಳೆಯದೇ ತಣುಪೆಂದು ನನಗೆ ಗೊತ್ತಾಯಿತು. ಆಮೇಲೆ ಮುದ್ರೆಯೊತ್ತಿ, ಕರವಸ್ತ್ರದಲ್ಲಿ ಹಿಡಿದು, ಒಳಗೆ ಕಳಿಸಿದಳು.